ದೊಡ್ಡ ಹಡಗಿನ ಪಕ್ಕದ ಚುಕ್ಕಿ

ಪಣಂಬೂರಿನ ಕಡಲತೀರದಲ್ಲಿ ನಿಂತರೆ ಹಡಗು ಎಣಿಸುವ ಚಾಳಿ ನನಗೆ ಇನ್ನೂ ಬಿಟ್ಟಿಲ್ಲ. ಕಳೆದ ತಿಂಗಳು ಮೈಸೂರಿನಿಂದ ಬಂದಿದ್ದ ನೆಂಟರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಚುರುಮುರಿ ತಿನ್ನುತ್ತಾ ನಿಂತವರಲ್ಲಿ ಒಬ್ಬರು, ಬಂದರಿನೊಳಗೆ ಬರಲು ಸರದಿ ಕಾಯುತ್ತಾ ದೂರದಲ್ಲಿ ಲಂಗರು ಹಾಕಿದ್ದ ಹಡಗುಗಳನ್ನು ತೋರಿಸಿ ಎಷ್ಟಿವೆ ಎಂದು ಕೇಳಿದರು. ಐದು ಎಂದೆ. ಹೇಳಿದ ಮೇಲೂ ಸುಮ್ಮನಿರಲಾಗಲಿಲ್ಲ. ಒಂದೊಂದು ಹಡಗಿನ ಬಲಕ್ಕೂ ಎಡಕ್ಕೂ ಕಣ್ಣು ಹಾಯಿಸಿ, ಪಕ್ಕದಲ್ಲಿ ಮಸುಕು ಚುಕ್ಕಿಯೇನಾದರೂ ಇದೆಯೇ ಎಂದು ಹುಡುಕಿದೆ. ಇರುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಅದು ಬರಿಗಣ್ಣಿಗೆ ಕಾಣುವಂಥದ್ದಲ್ಲ, ಅಸಲಿಗೆ ಇರುವಂಥದ್ದೇ ಅಲ್ಲ. ಆದರೂ ಹುಡುಕಿದೆ. ಅಷ್ಟರಲ್ಲಿ ಗಾಳಿ ತಿರುಗಿ ಡೀಸೆಲ್ಲೂ ಹಸಿ ಮೀನೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ಕೈಯಲ್ಲಿದ್ದ ಪೊಟ್ಟಣವನ್ನು ನೆಂಟರಿಗೆ ಕೊಟ್ಟು, ತಲೆನೋವು ಎಂದು ಸುಳ್ಳು ಹೇಳಿ ಕಾರಿನಲ್ಲಿ ಹೋಗಿ ಕುಳಿತೆ.

ಮೂರ್ನಾಲ್ಕು ಮಳೆಗಾಲದ ಹಿಂದಿನ ಮಾತು. ಆಗ ನಾನು ನಗರದ ಹೊರಗಿನ ಒಂದು ಕಾಲೇಜಿನ ಭೂಗೋಳ ವಿಭಾಗದಲ್ಲಿ ಪ್ರಾಜೆಕ್ಟ್ ಸಹಾಯಕಿ. ಮೇಲಿನ ಮಹಡಿಯಲ್ಲಿ ನಮ್ಮ ಲ್ಯಾಬ್. ಎರಡು ಕಂಪ್ಯೂಟರ್, ಗೊಣಗುವ ಒಂದು ಯುಪಿಎಸ್, ಸೋರುವ ಮೂಲೆಗೆ ಒಂದು ಬಕೆಟ್. ಉಳ್ಳಾಲದಿಂದ ಬಡಗಿಗೆ, ಅಂದರೆ ಉತ್ತರಕ್ಕೆ, ಕಡಲು ಎಲ್ಲೆಲ್ಲಿ ಎಷ್ಟೆಷ್ಟು ದಡ ತಿಂದಿದೆ ಎಂದು ಉಪಗ್ರಹದ ಚಿತ್ರಗಳನ್ನು ನೋಡಿ ನಕ್ಷೆ ಮಾಡುವುದು ನನ್ನ ಕೆಲಸ. ಸಾಧಾರಣ ಉಪಗ್ರಹಕ್ಕೆ ಮಳೆಗಾಲದ ಮಂಗಳೂರೆಂದರೆ ಮೋಡದ ಬೆನ್ನು ಮಾತ್ರ. ಅದಕ್ಕೆ ರೇಡಾರ್ ಬೇಕು. ಅದು ಮೇಲಿನಿಂದ ತಾನೇ ತರಂಗ ಕಳಿಸಿ, ಕೆಳಗಿನಿಂದ ಮರಳಿ ಬರುವುದನ್ನು ಹಿಡಿದು ಚಿತ್ರ ಮಾಡುತ್ತದೆ. ಅದಕ್ಕೆ ಮೋಡವೂ ಅಡ್ಡಿಯಲ್ಲ, ಕತ್ತಲೂ ಅಡ್ಡಿಯಲ್ಲ. ಯುರೋಪಿನ ದೇಶಗಳು ಸೇರಿ ಇಂಥ ಅವಳಿ ಉಪಗ್ರಹಗಳನ್ನು ಹಾರಿಸಿದ್ದವು. ಅವುಗಳ ಚಿತ್ರವನ್ನು ಜಗತ್ತಿನ ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದಿತ್ತು. ಎಲ್ಲಿಯದೋ ಜನ ತೆರಿಗೆ ಕಟ್ಟಿ ಮೇಲೆ ಕಳಿಸಿದ ಕಣ್ಣು ನಮ್ಮ ಉಳ್ಳಾಲದ ಮರಳನ್ನೂ ನೋಡುತ್ತದೆ ಎಂಬುದು ನನಗೆ ದೊಡ್ಡ ಸೋಜಿಗ.

ಫಳ್ನೀರಿನ ಹತ್ತಿರದ ಒಂದು ಸಣ್ಣ ದೇವಸ್ಥಾನದಲ್ಲಿ ಪೂಜೆ ಮಾಡುವ ನನ್ನ ಅಪ್ಪನಿಗೂ ಅದು ಸೋಜಿಗವೇ. "ಅವರಿಗೆ ಇದರಿಂದ ಎಂತ ಲಾಭ?" ಎಂದು ಕೇಳಿದ್ದರು.

"ನಮ್ಮಿಂದ ಎಂತದೂ ಇಲ್ಲಪ್ಪ."

"ಹಾಗಾದ್ರೆ ಅದು ದಾನವೇ," ಎಂದು ಒಪ್ಪಿಗೆಯ ಮುದ್ರೆ ಒತ್ತಿದ್ದರು.

ಆ ಚಿತ್ರಗಳನ್ನು ಓದಲು ನನಗೆ ಕಲಿಸಿದವರು ಇಟಲಿಯ ಲೂಚಿಯಾ. ಆನ್‌ಲೈನ್ ತರಬೇತಿಯಲ್ಲಿ ಸಿಕ್ಕವರು, ನಿವೃತ್ತಿಗೆ ಹತ್ತಿರವಾದ ಹೆಂಗಸು. ತರಬೇತಿ ಮುಗಿದ ಮೇಲೂ ನನ್ನ ದಡ್ಡ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರ ಬರೆಯುತ್ತಿದ್ದರು. ಚಿತ್ರದಲ್ಲಿ ಏನು ಕಂಡರೂ ತಕ್ಷಣ ನಂಬಬೇಡ, ಮೊದಲು ಅದರ ನೆರೆಹೊರೆ ನೋಡು ಎಂದು ಅವರು ಮೊದಲ ದಿನವೇ ಹೇಳಿದ್ದರು. ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆಯನ್ನೂ ಎಳೆದಿದ್ದೆ. ಗೆರೆ ಎಳೆದದ್ದಷ್ಟೇ ಬಂತು.

ಲ್ಯಾಬಿನಲ್ಲಿ ನನ್ನ ಜೊತೆಗಿದ್ದವರು ಪ್ರೇಮಕ್ಕ. ಹುದ್ದೆಯಲ್ಲಿ ಅಟೆಂಡರ್, ನಡೆಯಲ್ಲಿ ಲ್ಯಾಬಿನ ಯಜಮಾನಿ. ಉಳ್ಳಾಲದ ಮೊಗವೀರಪಟ್ಣದಿಂದ ಎರಡು ಬಸ್ಸು ಹಿಡಿದು ನನಗಿಂತ ಮೊದಲೇ ಬಂದು, ಕಸ ಗುಡಿಸಿ, ಬಕೆಟ್ ಖಾಲಿ ಮಾಡಿ, ಚಹಾ ಇಟ್ಟು ಕಾಯುತ್ತಿದ್ದರು. ನಮ್ಮಿಬ್ಬರ ಮನೆಮಾತೂ ತುಳು. ಆದರೆ ಕಾಲೇಜಿನೊಳಗೆ ಕನ್ನಡವೇ ಆಗಬೇಕು ಎಂಬುದು ಅವರ ಕಟ್ಟುನಿಟ್ಟು. ಗೇಟು ದಾಟಿ ಬಸ್‌ಸ್ಟ್ಯಾಂಡಿಗೆ ಬಂದ ಕೂಡಲೇ ತುಳು ಶುರು. ಆರು ವರ್ಷ ಪರದೆಯ ಮುಂದೆ ಕೂತವರ ಹಿಂದೆ ನಿಂತು ನೋಡಿ ನೋಡಿ ಅವರಿಗೆ ರೇಡಾರ್ ಚಿತ್ರದ ಓದು ಅರ್ಧಕ್ಕರ್ಧ ಬಂದುಬಿಟ್ಟಿತ್ತು. ಕಪ್ಪು ಎಂದರೆ ನೀರು, ಬೆಳ್ಳಗಿನ ದೊಡ್ಡ ಚುಕ್ಕಿ ಹಡಗು, ಸಣ್ಣ ಚುಕ್ಕಿ ಬೋಟು.

ಅವರ ಗಂಡ ಸುಂದರಣ್ಣ ಒಂದು ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವರು. ಮೀನುಗಾರಿಕೆಯ ದಿನಗಳಲ್ಲಿ ಹೊಸ ಚಿತ್ರ ಬಂತೆಂದರೆ ಪ್ರೇಮಕ್ಕ ಚಹಾದ ಲೋಟ ಇಡುವ ನೆವದಲ್ಲಿ ಬಗ್ಗಿ ಕೇಳುತ್ತಿದ್ದರು. "ನಮ್ಮವರ ಬೋಟು ಯಾವುದು ಮೇಡಂ?"

ಯಾವುದೆಂದು ನನಗೆ ಹೇಗೆ ಗೊತ್ತಾಗಬೇಕು? ಚುಕ್ಕಿಗೆ ಹೆಸರಿರುವುದಿಲ್ಲ. ಆದರೂ ನಾನು ಯಾವುದೋ ಒಂದರ ಮೇಲೆ ಬೆರಳಿಟ್ಟು, "ಇದೇ, ನೋಡಿ. ಬಲೆ ಬಿಟ್ಟು ಆರಾಮ ನಿದ್ದೆ ಮಾಡ್ತಾ ಇದ್ದಾರೆ," ಎನ್ನುತ್ತಿದ್ದೆ. "ನಿದ್ದೆ ಅಂತಾದ್ರೆ ಅದು ನಮ್ಮವರೇ," ಎಂದು ಅವರು ನಗುತ್ತಿದ್ದರು. ಎಷ್ಟೋ ಸಲ ಆಡಿದ ಆಟ ಅದು. ತಮಾಷೆಗೆ ಹೇಳಿದ್ದು ಮನಸ್ಸಿನಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂದು ನಾನು ಯೋಚಿಸಿದವಳಲ್ಲ.

ಆ ವರ್ಷದ ಮಳೆಗಾಲ ನಮ್ಮ ಲ್ಯಾಬಿಗೆ ಬೇಸರದಿಂದಲೇ ಶುರುವಾಗಿತ್ತು. ಅವಳಿಗಳಲ್ಲಿ ಒಂದು ಉಪಗ್ರಹ ಅದಕ್ಕೂ ಹಿಂದಿನ ಡಿಸೆಂಬರಿನಲ್ಲೇ ಕೆಟ್ಟಿತ್ತು. ಅದರ ರೇಡಾರಿಗೆ ವಿದ್ಯುತ್ತು ಹೋಗುತ್ತಿರಲಿಲ್ಲ. ಎಂಟು ತಿಂಗಳು ಏನೇನೋ ಮಾಡಿ ನೋಡಿದ ಅಲ್ಲಿನವರು ಆಗಸ್ಟಿನ ಮೊದಲ ವಾರ ಕೈಚೆಲ್ಲಿದರು. ಲೂಚಿಯಾ ಅದರ ಬಗ್ಗೆ ಬರೆದ ಮಿಂಚಂಚೆ ಮನೆಯಲ್ಲಿ ಸಾವಾದವರು ಬರೆದ ಹಾಗಿತ್ತು. ಇನ್ನು ನಮಗೆ ಉಳಿದದ್ದು ಒಂದೇ, ಅದು ಹನ್ನೆರಡು ದಿನಕ್ಕೊಮ್ಮೆ ಮಾತ್ರ ಅದೇ ದಾರಿಯಲ್ಲಿ ಮರಳಿ ಬರುತ್ತದೆ.

"ಒಂದು ಸತ್ತುಹೋಯ್ತು ಪ್ರೇಮಕ್ಕ," ಎಂದೆ.

"ಸತ್ತದ್ದು ಅಂದ್ರೆ? ಕೆಳಗೆ ಬಿತ್ತಾ?"

"ಇಲ್ಲ. ಮೇಲೆಯೇ ಸುತ್ತುತ್ತಾ ಉಂಟು. ಕಣ್ಣು ಮಾತ್ರ ಹೋಗಿದೆ."

"ಹಾಗಾದ್ರೆ ಕುರುಡು ಅಂತ ಹೇಳಿ. ಸತ್ತದ್ದು ಅಂತ ಎಂತಕ್ಕೆ ಹೇಳುವುದು?" ಎಂದು ಪ್ರೇಮಕ್ಕ ನನ್ನನ್ನೇ ಗದರಿದರು.

ಅದೇ ವಾರ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿದವು. ಮೀನುಗಾರಿಕಾ ಬಂದರಾದ ಧಕ್ಕೆಯಲ್ಲಿ ಐಸಿನ ಲಾರಿಗಳ ಸಾಲು, ಹೊಸ ಬಣ್ಣ ಬಳಿದ ಬೋಟುಗಳು, ಪೂಜೆಯ ಹೂವು. ಸುಂದರಣ್ಣನ ಬೋಟಿನಲ್ಲಿ ಐವರು. ಇವರೊಬ್ಬರನ್ನು ಬಿಟ್ಟರೆ ಉಳಿದ ನಾಲ್ವರೂ ದುಡಿಮೆಗಾಗಿ ಹೊರ ರಾಜ್ಯದಿಂದ ಬಂದವರು. ಹೋಗಿ ನಾಲ್ಕನೆಯ ದಿನ ಗಾಳಿ ಎದ್ದಿತು. ಹತ್ತಿರದಲ್ಲಿದ್ದ ಬೋಟುಗಳೆಲ್ಲ ಸಿಕ್ಕ ಸಿಕ್ಕ ಬಂದರಿಗೆ ಓಡಿ ಬಂದವು. ಭಟ್ಕಳದ ನೇರಕ್ಕೆ ಇದ್ದೇವೆ, ಇಂಜಿನು ತೊಂದರೆ ಕೊಡುತ್ತಿದೆ ಎಂದು ಸುಂದರಣ್ಣ ವೈರ್‌ಲೆಸ್ಸಿನಲ್ಲಿ ಹೇಳಿದ್ದೇ ಕೊನೆ. ಆಮೇಲೆ ಮಾತಿಲ್ಲ.

ಮರುದಿನವೂ ಅದರ ಮರುದಿನವೂ ಪ್ರೇಮಕ್ಕ ಕೆಲಸಕ್ಕೆ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಲ್ಯಾಬಿನ ಬೀಗ ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಕುಳಿತಿದ್ದರು. ಕೂದಲು ಬಾಚಿರಲಿಲ್ಲ. ಜೊತೆಯಲ್ಲಿ ಬೋಟಿನ ಮಾಲಕರಾದ ಶೆಟ್ರು. ಊರಿನಲ್ಲಿ ಊಟದ ಹೋಟೆಲೂ ಎರಡು ಬೋಟೂ ಇದ್ದ, ಗಟ್ಟಿ ಮಾತಿನ ಮನುಷ್ಯ. ಆ ದಿನ ಅವರ ಸ್ವರವೇ ಏಳುತ್ತಿರಲಿಲ್ಲ.

"ನಿನ್ನೆ ಚಿತ್ರದ ದಿನ ಅಲ್ವಾ ಮೇಡಂ?" ಎಂದರು ಪ್ರೇಮಕ್ಕ. ಉಪಗ್ರಹದ ಹನ್ನೆರಡು ದಿನದ ಲೆಕ್ಕ ಅವರ ಬಾಯಲ್ಲೇ ಇತ್ತು.

ಉಪಗ್ರಹ ಒಂದೇ ಓಟದಲ್ಲಿ ತೆಗೆದ ಉದ್ದನೆಯ ಪಟ್ಟಿಯನ್ನು ತುಂಡು ತುಂಡಾಗಿ ಕೊಡುತ್ತಾರೆ. ಭಟ್ಕಳದ ಆಸುಪಾಸಿನಿಂದ ಬಡಗಿಗೆ ಒಂದು ತುಂಡು, ತೆಂಕಿಗೆ ಇನ್ನೊಂದು. ಮಳೆಗೆ ಕಾಲೇಜಿನ ಇಂಟರ್ನೆಟ್ ಕುಂಟುತ್ತಿತ್ತು. ಭಟ್ಕಳದ ನೇರ ಎಂದ ಮೇಲೆ ಬಡಗಿನ ತುಂಡೇ ಸಾಕೆಂದು ಅದೊಂದನ್ನೇ ಇಳಿಸಲು ಹಾಕಿದೆ. ಇಳಿಯಲು ಎರಡು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಇಬ್ಬರೂ ನನ್ನ ಹಿಂದೆ ನಿಂತೇ ಇದ್ದರು, ಕುರ್ಚಿ ಕೊಟ್ಟರೂ ಕೂರಲಿಲ್ಲ.

ಚಿತ್ರ ತೆರೆಯಿತು. ಕಡಲು ಕೆರಳಿ ಕಪ್ಪು ಇರಬೇಕಾದ ಜಾಗವೆಲ್ಲ ಬೂದು ಬೂದಾಗಿತ್ತು. ಇಂಚಿಂಚು ಸರಿಸುತ್ತಾ ಹೋದೆ. ತುಂಡಿನ ಕೆಳ ಅಂಚಿಗೆ ಹತ್ತಿರ, ದಡದಿಂದ ಬಹಳ ದೂರದಲ್ಲಿ, ಒಂದು ದೊಡ್ಡ ಹಡಗು ಕಣ್ಣು ಕುಕ್ಕುವಷ್ಟು ಬೆಳ್ಳಗೆ ಕಂಡಿತು. ಅದರಿಂದ ಸ್ವಲ್ಪ ಬಡಗಿಗೆ ಒಂದು ಸಣ್ಣ, ಮಸುಕಾದ ಚುಕ್ಕಿ.

ನಾನು ಬಾಯಿ ತೆರೆಯುವ ಮೊದಲೇ ಪ್ರೇಮಕ್ಕನ ಬೆರಳು ಪರದೆಯ ಮೇಲಿತ್ತು. "ಇದು ಬೋಟು ಅಲ್ವಾ?"

ಆ ಕ್ಷಣ ನಾನು ಎಂತ ಹೇಳಬೇಕಿತ್ತು ಎಂದು ಈಗ ನೂರು ಸಲ ಬರೆದು ತೋರಿಸಬಲ್ಲೆ. ಚುಕ್ಕಿಯ ನೆರೆಹೊರೆ ನೋಡಬೇಕು, ಕಾಯಿರಿ ಎನ್ನಬೇಕಿತ್ತು. ಆದರೆ ನನಗೂ ಅದು ಬೋಟೇ ಆಗಬೇಕಿತ್ತು. ಅವರ ಆ ಮುಖ ನೋಡಿ ನಾನು ಸೋತುಹೋದೆ. "ಹೌದು, ಬೋಟಿನ ಹಾಗೆಯೇ ಉಂಟು," ಎಂದೆ. ಅಷ್ಟಕ್ಕೆ ನಿಲ್ಲಿಸಿದೆನಾ? ಇಲ್ಲ. "ಹತ್ತಿರವೇ ದೊಡ್ಡ ಹಡಗು ಉಂಟಲ್ಲ, ಅವರು ನೋಡಿ ಎತ್ತಿಕೊಂಡರೂ ಎತ್ತಿಕೊಂಡಿರಬಹುದು," ಎಂದೂ ಸೇರಿಸಿದೆ.

ಶೆಟ್ರು ಅಲ್ಲೇ ಫೋನು ತೆಗೆದು ಧಕ್ಕೆಗೆ ಹೇಳಿದರು. ಅಲ್ಲಿಯ ತನಕ ಜನ ತೆಂಕಿನ ಕಡೆ ಹುಡುಕಲು ಹೊರಟಿದ್ದರಂತೆ. ಸುಂದರಣ್ಣನ ತಾಯಿ, ಮೀನು ಮಾರಿ ಮಕ್ಕಳನ್ನು ಸಾಕಿದ ಕಮಲಜ್ಜಿ, ಈ ತಿಂಗಳಲ್ಲಿ ನೀರು ತೆಂಕಕ್ಕೆ ಎಳೆಯುತ್ತದೆ, ಇಂಜಿನಿಲ್ಲದ ಬೋಟು ಬಡಗಿಗೆ ಹೇಗೆ ಹೋದೀತು ಎಂದು ಹಟ ಹಿಡಿದಿದ್ದರು. "ಅಜ್ಜಿ ಹೇಳುವುದು ಹಳೇ ಅಂದಾಜು. ಇದು ಉಪಗ್ರಹದ ಫೋಟೋ ಮಾರಾಯ," ಎಂದು ಶೆಟ್ರು ಫೋನಿನಲ್ಲಿ ಯಾರಿಗೋ ಹೇಳಿದ್ದು ನನ್ನ ಕಿವಿಗೆ ಬಿತ್ತು. ನನಗೆ ಆಗ ಹೆಮ್ಮೆಯೇ ಆಯಿತು, ಅದನ್ನೂ ಮುಚ್ಚಿಡುವುದಿಲ್ಲ. ತೆಂಕಿಗೆ ಹೊರಟಿದ್ದ ಎರಡು ಬೋಟುಗಳು ನಾನು ಬರೆದುಕೊಟ್ಟ ಅಕ್ಷಾಂಶ ರೇಖಾಂಶ ಹಿಡಿದು ಬಡಗು ಪಡುವಣಕ್ಕೆ ತಿರುಗಿದವು.

ಅವು ಮೂರು ದಿನ ಅಲೆದು ಬರಿಗೈಯಲ್ಲಿ ಬಂದವು. ಅಲ್ಲಿ ಬೋಟಿರಲಿಲ್ಲ, ಹಡಗೂ ಎತ್ತಲೋ ಹೋಗಿಯಾಗಿತ್ತು. ಆದರೆ ಬರಿಗೈ ನೋಡಿ ಯಾರೂ ಆಸೆ ಬಿಡಲಿಲ್ಲ. ಬೋಟು ಇಲ್ಲ ಎಂದರೆ ಹಡಗಿನವರು ಎತ್ತಿಕೊಂಡದ್ದೇ ಖಂಡಿತ ಎಂದಾಯಿತು. ಹಡಗು ದೂರದ ಬಂದರಿಗೆ ಮುಟ್ಟಿದ ಮೇಲೆ ಫೋನು ಬರುತ್ತದೆ ಎಂದು ಮೊಗವೀರಪಟ್ಣದಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡರು. ಹೊರ ರಾಜ್ಯದ ಆ ನಾಲ್ವರ ಮನೆಯವರು ಶೆಟ್ರಿಗೆ ಫೋನು ಮಾಡುತ್ತಿದ್ದರು. ಅವರ ಭಾಷೆ ಶೆಟ್ರಿಗೆ ಬಾರದು, ಹರುಕು ಹಿಂದಿಯಲ್ಲಿ ಅವರಿಗೂ ಅದನ್ನೇ ಹೇಳಿದರಂತೆ. ದೊಡ್ಡ ಹಡಗು, ಮೇಡಂ ನೋಡಿದ್ದಾರೆ.

ಪ್ರೇಮಕ್ಕ ಮತ್ತೆ ಕೆಲಸಕ್ಕೆ ಬರತೊಡಗಿದರು. ಮನೆಯಲ್ಲಿ ಕರೆಂಟು ಹೋದರೆ ಫೋನು ಸಾಯುತ್ತದೆ, ಇಲ್ಲಿ ಯುಪಿಎಸ್ ಉಂಟಲ್ಲ ಎಂಬುದು ಅವರು ಕೊಟ್ಟ ಕಾರಣ. ಚಾರ್ಜಿಗೆ ಹಾಕಿಕೊಂಡೇ ಗುಡಿಸುತ್ತಿದ್ದರು, ವಯರು ಮುಟ್ಟುವಷ್ಟು ದೂರ ಮಾತ್ರ. ಒಮ್ಮೆ ಯಾವುದೋ ಉದ್ದನೆಯ ನಂಬರಿನಿಂದ ಕರೆ ಬಂತು. ಒತ್ತಿ, ಕಿವಿಗಿಟ್ಟು, "ಹಲೋ, ನಾನು ಪ್ರೇಮ, ನಾನು ಪ್ರೇಮ," ಎಂದರು. ಆ ಕಡೆಯ ಹುಡುಗಿ ಕ್ರೆಡಿಟ್ ಕಾರ್ಡ್ ಬೇಕೇ ಎಂದು ಕೇಳುತ್ತಿದ್ದಳು. ಪ್ರೇಮಕ್ಕ ಕರೆ ಕಡಿಯಲಿಲ್ಲ. ಕೊನೆಯ ತನಕ ಕೇಳಿ, "ಬೇಡಮ್ಮ," ಎಂದು ಮೆತ್ತಗೆ ಹೇಳಿ ಇಟ್ಟರು. ನಾನು ಪರದೆಯ ಕಡೆಗೆ ಮುಖ ಮಾಡಿ ಕಣ್ಣು ಒರೆಸಿಕೊಂಡೆ.

ಚುಕ್ಕಿ ಕಂಡ ದಿನವೇ ನಾನು ಲೂಚಿಯಾ ಅವರಿಗೆ ಚಿತ್ರ ಕಳಿಸಿ ಅಭಿಪ್ರಾಯ ಕೇಳಿದ್ದೆ. ರಜೆಯಲ್ಲಿದ್ದೇನೆ ಎಂಬ ಯಂತ್ರದ ಉತ್ತರ ಬಂದಿತ್ತು. ಇಟಲಿಯಲ್ಲಿ ಆಗಸ್ಟ್ ನಡುವೆ ಕಚೇರಿಗಳೆಲ್ಲ ಬಾಗಿಲು ಹಾಕಿ ಜನ ಕಡಲತೀರಕ್ಕೆ ಹೋಗುತ್ತಾರಂತೆ. ಒಂಬತ್ತನೆಯ ದಿನ ಅವರ ಉತ್ತರ ಬಂತು. ತಡವಾದದ್ದಕ್ಕೆ ಕ್ಷಮೆ ಕೇಳಿ, ಒಂದೇ ಪ್ರಶ್ನೆ ಕೇಳಿದ್ದರು. ತೆಂಕಿನ ತುಂಡನ್ನು ನೋಡಿದೆಯಾ?

ನಾನು ಆ ತುಂಡನ್ನು ಇಳಿಸಿರಲೇ ಇಲ್ಲ.

ರೇಡಾರಿಗೆ ಒಂದು ದೌರ್ಬಲ್ಯ ಉಂಟು. ಕಬ್ಬಿಣದ ದೊಡ್ಡ ಹಡಗಿನಿಂದ ತರಂಗ ಜೋರಾಗಿ ಮರಳಿದರೆ, ಉಪಗ್ರಹ ಸಾಗುವ ದಾರಿಯಲ್ಲಿ ಆ ಹಡಗಿನ ಮುಂದೊಂದು ಹಿಂದೊಂದು ಸುಳ್ಳು ಚುಕ್ಕಿ ಮೂಡುತ್ತದೆ. ಮಳೆಯಲ್ಲಿ ಬಸ್ಸಿನ ಗಾಜಿನೊಳಗಿಂದ ಬೀದಿದೀಪ ಒಂದಕ್ಕೆ ಎರಡಾಗಿ ಕಾಣುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಒಂದು ಬದಿಗೆ ಮಾತ್ರ ಇದ್ದರೆ ಬೋಟು ಇದ್ದೀತು, ಸಮ ದೂರದಲ್ಲಿ ಎರಡೂ ಬದಿಗೆ ಇದ್ದರೆ ಅದು ಸುಳ್ಳು. ತರಬೇತಿಯ ಎರಡನೆಯ ವಾರದ ಪಾಠ ಇದು. ತೆಂಕಿನ ತುಂಡನ್ನು ಇಳಿಸಿದೆ. ಬಡಗಿನ ತುಂಡು ಮುಗಿದಲ್ಲಿಂದ ಸ್ವಲ್ಪ ಕೆಳಗೆ, ಹಡಗಿನಿಂದ ಅಳೆದರೆ ಅಷ್ಟೇ ದೂರದಲ್ಲಿ, ಅದೇ ಗಾತ್ರದ ಇನ್ನೊಂದು ಮಸುಕು ಚುಕ್ಕಿ ಕುಳಿತಿತ್ತು. ಸುಂದರಣ್ಣನನ್ನು ಎತ್ತಿಕೊಂಡಿತು ಎಂದು ನಾನು ಹೇಳಿದ ಹಡಗೇ ನಾವು ಬೋಟೆಂದುಕೊಂಡ ಚುಕ್ಕಿಯನ್ನೂ ಹುಟ್ಟಿಸಿತ್ತು.

ತೆಂಕಿನ ತುಂಡಿನಲ್ಲಿ ಬೋಟೆನ್ನಬಹುದಾದ ಬೇರೆ ಯಾವ ಚುಕ್ಕಿಯೂ ಇರಲಿಲ್ಲ. ಇದ್ದಿದ್ದರೆ ನಾನು ಇವತ್ತು ಇದನ್ನು ಬರೆಯುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಉಪಗ್ರಹ ಹಾದುಹೋಗುವ ಮೊದಲೇ ಎಲ್ಲ ಮುಗಿದಿತ್ತೋ, ಅಥವಾ ಎದ್ದ ಅಲೆಗಳ ಬೂದು ಬಣ್ಣದಲ್ಲಿ ಸಣ್ಣ ಬೋಟು ಕಾಣದೆ ಹೋಯಿತೋ, ಯಾರಿಗೂ ಹೇಳಲಾಗದು. ಮೊದಲನೆಯದೇ ಇರಲಿ ಎಂದು ಮನಸ್ಸು ಬೇಡಿಕೊಂಡಿತು. ಒಬ್ಬ ಮನುಷ್ಯ ಬೇಗ ಸತ್ತಿರಲಿ, ನನ್ನ ತಪ್ಪು ಸಣ್ಣದಾಗಲಿ ಎಂದು ಬೇಡಿಕೊಂಡವಳು ನಾನು.

ಚಿತ್ರವನ್ನು ಮುಚ್ಚಿದೆ. ಪ್ರೇಮಕ್ಕ ಕಿಟಕಿಯ ಹತ್ತಿರ ಬಕೆಟ್ಟಿನ ನೀರು ಚೆಲ್ಲುತ್ತಿದ್ದರು. "ಆ ಇಟಲಿಯವರು ಎಂತ ಬರೆದಿದ್ದಾರೆ?" ಎಂದು ಕೇಳಿದರು. ಮಿಂಚಂಚೆ ಬಂದದ್ದು ಅವರಿಗೆ ಹೇಗೆ ಗೊತ್ತಾಯಿತೋ, ನನ್ನ ಮುಖ ನೋಡಿಯೇ ಇರಬೇಕು.

"ನೋಡ್ತೇನೆ ಅಂತ ಬರೆದಿದ್ದಾರೆ," ಎಂದೆ.

ಇನ್ನು ಮೂರು ದಿನಕ್ಕೆ ಹೊಸ ಚಿತ್ರ ಬರುತ್ತದೆ, ಅದರಲ್ಲಿ ಏನೂ ಇರುವುದಿಲ್ಲ, ಅದೇ ಎಲ್ಲವನ್ನೂ ಹೇಳಲಿ, ನಾನೇಕೆ ಹೇಳಬೇಕು ಎಂದುಕೊಂಡೆ. ಹೇಡಿತನಕ್ಕೆ ಎಷ್ಟು ಚಂದದ ಅಂಗಿ ತೊಡಿಸಬಹುದು ನೋಡಿ. ಅಪ್ಪನಿಗೆ ಮಾತ್ರ ಹೇಳಿದೆ. ಪೂಜೆ ಮುಗಿಸಿ ಬಂದು ಊಟಕ್ಕೆ ಕುಳಿತವರು ಅನ್ನದಿಂದ ಕೈ ತೆಗೆದರು. "ಸತ್ತವರಿಗೆ ಎಂತ ಮಾಡ್ಬೇಕು ಅಂತ ನಮಗೆ ಗೊತ್ತುಂಟು. ದೇಹ ಸಿಗದಿದ್ರೆ ಹುಲ್ಲಿನ ಗೊಂಬೆ ಮಾಡಿ ಸುಡ್ಲಿಕ್ಕೂ ಕ್ರಮ ಉಂಟು. ಇದ್ದಾನೆ ಅಂತ ನೀನು ಹೇಳಿ ಆದ ಮೇಲೆ ಅವರು ಎಂತ ಮಾಡುವುದು? ನೀನು ಹೋಗಿ ಹೇಳು ಮಗಳೇ," ಎಂದರು. ಹೂಂ ಎಂದೆ, ಹೋಗಲಿಲ್ಲ.

ಹೊಸ ಚಿತ್ರ ಬಂತು. ಅಷ್ಟರಲ್ಲಿ ಹವೆ ತಿಳಿಯಾಗಿ ಬೋಟುಗಳೆಲ್ಲ ಕಡಲಿನಲ್ಲಿದ್ದವು. ಏನೂ ಇರುವುದಿಲ್ಲ ಎಂದು ನಾನು ನೆಚ್ಚಿಕೊಂಡಿದ್ದ ಪರದೆಯ ತುಂಬ ಚುಕ್ಕಿಗಳು. ಪ್ರೇಮಕ್ಕ ಕನ್ನಡಕ ಹಾಕಿಕೊಂಡು ಬಂದು ನಿಂತರು. ಒಂದರ ಮೇಲೆ ಬೆರಳಿಟ್ಟು, "ಇದು ಅಲ್ವಲ್ಲ?" ಎಂದರು. ಇನ್ನೊಂದು. "ಇದು?" ಮತ್ತೊಂದು. ಒಂದೊಂದಕ್ಕೂ ನನ್ನ ಮುಖ ನೋಡುತ್ತಿದ್ದರು. ನಾನು ಗೊತ್ತಿಲ್ಲ, ಗೊತ್ತಿಲ್ಲ ಎನ್ನುತ್ತಾ ಹೋದೆ. ಪರದೆಯ ಗಾಜಿನ ಮೇಲೆ ಅವರ ಬೆರಳಿನ ಒದ್ದೆ ಗುರುತುಗಳು ಉಳಿದವು, ಅವನ್ನು ಒರೆಸಲೂ ನನಗೆ ಕೈ ಬರಲಿಲ್ಲ.

ನಾಲ್ಕು ದಿನ ಕಳೆದ ಮೇಲೆ ಕಾಸರಗೋಡಿಗೂ ತೆಂಕಿಗೆ ದಡದಲ್ಲಿ ಒಂದು ಹಲಗೆ ಸಿಕ್ಕಿತು. ಹೊಸ ನೀಲಿ ಬಣ್ಣ, ಬೋಟಿನ ನಂಬರಿನ ಮೂರು ಅಂಕೆ. ಕಮಲಜ್ಜಿ ಮೊದಲ ದಿನ ಹೇಳಿದ ದಿಕ್ಕಿನಲ್ಲೇ. ಊರಿನ ಗುರಿಕಾರರು, ಅಂದರೆ ಸಾವು ಮದುವೆಗಳನ್ನು ನಿಂತು ನಡೆಸುವ ಹಿರಿಯರು, ಇನ್ನು ಬೊಜ್ಜದ ದಿನ ನೋಡುವ ಎಂದರಂತೆ. ಬೊಜ್ಜ ಎಂದರೆ ಸತ್ತವರ ಉತ್ತರಕ್ರಿಯೆ. ಆದರೆ ಈಗ ಒಪ್ಪದೆ ಕುಳಿತವರು ಕಮಲಜ್ಜಿಯೇ. ಹಲಗೆ ತೆಂಕಿಗೆ ಹೋಗುತ್ತದೆ, ಅದಕ್ಕೆ ಜೀವವಿಲ್ಲ. ಮಗ ಹಡಗು ಹತ್ತಿದ್ದಾನೆ, ಫೋಟೋದಲ್ಲಿ ಇದ್ದ ಎಂಬುದು ಅವರ ಹಟ. ಗುರಿಕಾರರು ಪದ್ಧತಿಯಂತೆ ಅವನನ್ನು ಕೊನೆಗೆ ನೋಡಿದವರು ಯಾರು ಎಂದು ಕೇಳಿದ್ದಕ್ಕೆ ಅಜ್ಜಿ, "ಕಾಲೇಜಿನ ಆ ಮೇಡಂ. ಅವಳು ಬಂದು ಹೇಳಲಿ," ಎಂದರಂತೆ. ಇದನ್ನು ನನಗೆ ತಿಳಿಸಿದವರು ಶೆಟ್ರು. "ನೀವೊಮ್ಮೆ ಬಂದು ಹೋದ್ರೆ ಒಳ್ಳೆದಿತ್ತು," ಎಂದಷ್ಟೇ ಹೇಳಿ ಫೋನು ಇಟ್ಟರು.

ಭಾನುವಾರ ಬೆಳಿಗ್ಗೆ ಹೋದೆ. ಸಣ್ಣ ಹೆಂಚಿನ ಮನೆ, ಅಂಗಳದ ಕೊನೆಯಲ್ಲಿ ತಡೆಗೋಡೆಯ ಕಲ್ಲುಗಳು, ಅದರಾಚೆ ಕಡಲು. ಚಾವಡಿಯಲ್ಲಿ ಗುರಿಕಾರರು, ಶೆಟ್ರು, ನೆರೆಯ ನಾಲ್ಕು ಹೆಂಗಸರು. ಕಮಲಜ್ಜಿ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದರು. ಪ್ರೇಮಕ್ಕ ಅಡುಗೆ ಮನೆಯ ಬಾಗಿಲಿನಲ್ಲಿ ನಿಂತಿದ್ದರು. ನನಗೆ ನೀರೂ ಬೆಲ್ಲವೂ ಕೊಟ್ಟರು. ಮಾತೆಲ್ಲ ತುಳುವಿನಲ್ಲೇ ನಡೆಯಿತು.

"ನೀನು ನನ್ನ ಮಗನನ್ನು ನೋಡಿದ್ದೀಯಲ್ಲ?" ಎಂದರು ಅಜ್ಜಿ.

"ಇಲ್ಲ ಅಜ್ಜಿ," ಎಂದೆ. "ನಾನು ನೋಡಿಲ್ಲ. ಅದು ಬೋಟಲ್ಲ. ಆ ದೊಡ್ಡ ಹಡಗಿನದೇ ಸುಳ್ಳು ಗುರುತು. ನನಗೆ ತಪ್ಪಿತು."

"ಆ ದಿನ ಅಲ್ಲಿ ಇರಲಿಲ್ಲವಾ?"

"ಇರಲಿಲ್ಲ."

"ಮತ್ತೆ ಎಲ್ಲಿದ್ದ?"

ಅಜ್ಜಿ ನನ್ನ ಮುಖ ನೋಡಿದರು. ಆಮೇಲೆ ಚಾಚಿದ ಕಾಲನ್ನು ಒಂದೊಂದಾಗಿ ಮಡಚಿಕೊಂಡು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಸೆರಗಿನ ಒಳಗಿಂದ ಅಳು ಕೇಳತೊಡಗಿತು, ಹೆಂಗಸರು ಅವರ ಸುತ್ತ ಸೇರಿದರು. ಗುರಿಕಾರರು ಕಿಸೆಯಿಂದ ಸಣ್ಣ ಪಂಚಾಂಗ ತೆಗೆದು ಕನ್ನಡಕ ಹುಡುಕಿದರು.

"ಇದು ನಿಮಗೆ ಯಾವಾಗ ಗೊತ್ತಾಯ್ತು?" ಪ್ರೇಮಕ್ಕ ಬಾಗಿಲಿನಿಂದಲೇ ಕೇಳಿದರು.

ಸುಳ್ಳು ಹೇಳಬಹುದಿತ್ತು. ನಿನ್ನೆ ಎನ್ನಬಹುದಿತ್ತು. "ಹನ್ನೊಂದು ದಿನ ಆಯ್ತು," ಎಂದೆ.

ಅವರು ತಲೆಯಾಡಿಸಿದರು. ನಾನು ಎದ್ದಾಗ ರಸ್ತೆಯ ತನಕ ಬಿಡಲು ಬಂದರು. ಬಸ್ಸು ನಿಲ್ಲುವಲ್ಲಿ ಇಬ್ಬರೂ ನಿಂತೆವು. ಕಾಲೇಜಿನ ಗೇಟು ದಾಟಿದರೆ ನನ್ನ ಜೊತೆ ತುಳು ಬಿಟ್ಟು ಬೇರೆ ಮಾತಾಡದ ಪ್ರೇಮಕ್ಕ, ಅಲ್ಲಿ ತಮ್ಮ ಊರಿನ ರಸ್ತೆಯಲ್ಲಿ ನಿಂತು, ಕನ್ನಡದಲ್ಲಿ ಹೇಳಿದರು.

"ಮೇಡಂ, ನೀವು ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ಚುಕ್ಕಿ ತೋರಿಸಿದ್ದು ನಾನೇ ಅಲ್ವಾ. ಗೊತ್ತಾದ ಮೇಲೆ ಹೇಳ್ಲಿಲ್ಲ ನೋಡಿ, ಅದಕ್ಕೆ ಉಂಟು."

ಬಸ್ಸು ಬಂತು. ಹತ್ತುವಾಗ ನನ್ನ ಚೀಲ ಬಾಗಿಲಿಗೆ ಸಿಕ್ಕಿಕೊಂಡಿತು, ಅವರೇ ಬಿಡಿಸಿ ಕೊಟ್ಟರು.

ಬೊಜ್ಜ ಮುಗಿದು, ರಜೆ ಮುಗಿದು ಪ್ರೇಮಕ್ಕ ಕೆಲಸಕ್ಕೆ ಮರಳಿದರು. ಮೊದಲಿನ ಹಾಗೆಯೇ ನನಗಿಂತ ಮೊದಲು ಬಂದು ಗುಡಿಸುತ್ತಿದ್ದರು. ಮಾತು ಕೇಳಿದರೆ ಮಾತು, ನಗು ಬಂದರೆ ಅಷ್ಟಿಷ್ಟು ನಗು. ನನ್ನ ಪ್ರಾಜೆಕ್ಟ್ ಮುಗಿಯುವ ತನಕ, ಇನ್ನೂ ಏಳು ತಿಂಗಳು, ದಿನಕ್ಕೆರಡು ಸಲ ನನ್ನ ಮೇಜಿನ ಮೇಲೆ ಚಹಾ ತಂದಿಟ್ಟರು. ಚಿತ್ರ ಬರುವ ದಿನಗಳಲ್ಲೂ ಇಟ್ಟರು. ಪರದೆಯ ಕಡೆಗೆ ಮಾತ್ರ ಮತ್ತೆ ಒಮ್ಮೆಯೂ ತಿರುಗಿ ನೋಡಲಿಲ್ಲ.